ಹಾಯಿ ಮಡಚಿದ ಭಾನುವಾರ

ಗೋಳೆಲ್ಲ ಶುರುವಾದದ್ದು ಒಂದು ಚಪ್ಪಲಿಯಿಂದ. ಹಿಂದಿನ ಭಾನುವಾರ ಕೆರೆಯಲ್ಲಿ ಗಾಳಿ ಒಮ್ಮೆಲೇ ಜೋರಾಗಿ, ಹಾಯಿದೋಣಿ ಪಕ್ಕಕ್ಕೆ ವಾಲಿ, ವಾಚು ರಿಪೇರಿಯ ವಾಚಣ್ಣನ ಹೆಂಡತಿ ನೀರಿಗೆ ಬಿದ್ದಳು. ದಡದ ಹತ್ತಿರವೇ, ಸೊಂಟದುದ್ದದ ನೀರು. ಪ್ರಾಣಕ್ಕೆ ಏನೂ ಆಗಲಿಲ್ಲ. ಆದರೆ ಎದ್ದು ನಿಂತಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಅವಳು ಆಸ್ಪತ್ರೆಯ ವಾರ್ಡಿನಲ್ಲಿ ಹೆಡ್ ನರ್ಸು. ದೊಡ್ಡ ದೊಡ್ಡ ಡಾಕ್ಟರುಗಳೇ ಅವಳ ದನಿ ಕೇಳಿದರೆ ನೆಟ್ಟಗೆ ನಿಲ್ಲುತ್ತಿದ್ದರು. ಅಂಥವಳು ಕೂಗಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ, ಒಂಟಿ ಚಪ್ಪಲಿಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿದಳು.

"ಗಾಳಿ ಜೋರಾದ್ರೆ ಆ ಬಟ್ಟೆ ಚಿಕ್ಕದು ಮಾಡೋಕಾಗಲ್ವಾ?"

"ಆಗುತ್ತೆ. ಅದಕ್ಕೊಂದು ವ್ಯವಸ್ಥೆ ಇದೆ. ನಮ್ಮ ದೋಣಿಲಿ ಇಲ್ಲ, ಅಷ್ಟೇ."

"ಸರಿ ಹಾಗಾದ್ರೆ. ಅದು ಬಂದ್ಮೇಲೆ ನನ್ನ ಕರೀರಿ."

ವಾಚಣ್ಣನಿಗೆ ಈ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ವಾರವೆಲ್ಲ ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರಗಳ ಹೊಟ್ಟೆ ಬಗೆಯುವವನು. ವಾರವೆಲ್ಲ ಅವಳು ವಾರ್ಡಿನಲ್ಲಿ. ಮನೆಯಲ್ಲಿ ಒಬ್ಬರು ಏಳುವಾಗ ಇನ್ನೊಬ್ಬರು ಮಲಗುವುದು ನಡೆದೇ ಇತ್ತು. ಇಬ್ಬರೂ ಜೊತೆಗೆ ಕೂರಲು ಒಂದು ಜಾಗ ಇರಲಿ ಅಂತಲೇ ಅವನು ಆ ಹಳೆಯ ದೋಣಿ ಕೊಂಡದ್ದು. ಸ್ನಾನದ ತೊಟ್ಟಿಗಿಂತ ಒಂದು ಸುತ್ತು ದೊಡ್ಡದು, ಇಬ್ಬರಿಗೆ ಸರಿ. ಒಬ್ಬನೇ ಹೋದರೆ ಕೆರೆ ವಿನಾಕಾರಣ ದೊಡ್ಡದಾಗಿ ಕಾಣುತ್ತಿತ್ತು.

ಹಾಗಾಗಿ ಈ ಭಾನುವಾರ ಹೆಂಡತಿ ಬೆಳಗಿನ ಡ್ಯೂಟಿಗೆ ಹೊರಟದ್ದೇ ತಡ, ಅವನು ವಠಾರದ ಅಂಗಳಕ್ಕೆ ಇಳಿದ. ದೋಣಿ ಅಲ್ಲೇ ಎರಡು ಚಕ್ರದ ಗಾಡಿಯ ಮೇಲೆ ಕೂತಿತ್ತು. ಅಂಗಳದ ಗೇಟು ದಾಟಿದರೆ ರಸ್ತೆ, ರಸ್ತೆಯ ಇಳಿಜಾರು ಮುಗಿದರೆ ಕೆರೆ. ಗಾಡಿ ಉರುಳದ ಹಾಗೆ ಚಕ್ರಕ್ಕೆ ಒಂದು ಇಟ್ಟಿಗೆ ಕೊಟ್ಟು, ಹಾಯಿ ಕಟ್ಟುವ ಕೂವೆಮರ ನಿಲ್ಲಿಸಿ, ಚಾಪೆ ಹಾಸಿ, ಹಾಯಿ ಬಿಚ್ಚಿ ಹರಡಿದ.

ಮಾಡಬೇಕಾದ ಕೆಲಸ ಹೇಳುವುದಕ್ಕೆ ಸುಲಭ. ಹಾಯಿಯ ಕೆಳ ಅಂಚಿನಿಂದ ಒಂದು ಮೊಳ ಮೇಲೆ, ಹಿಂದೊಂದು ಮುಂದೊಂದು ಹಿತ್ತಾಳೆಯ ಬಳೆ ಕೂರಿಸಬೇಕು. ಹಾಯಿಯ ಬುಡಕ್ಕಿರುವ ಅಡ್ಡಕೋಲಿಗೆ ಪುಟ್ಟ ರಾಟೆಗಳನ್ನು ಬಿಗಿಯಬೇಕು. ಬಳೆಗಳೊಳಗೆ, ರಾಟೆಗಳೊಳಗೆ ಹಗ್ಗ ಪೋಣಿಸಬೇಕು. ಗಾಳಿ ಜೋರಾದಾಗ ಹಾಯಿ ಏರಿಸಿದ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟು, ಈ ಹೊಸ ಹಗ್ಗವನ್ನು ಎಳೆದರೆ, ಕೆಳಗಿನ ಭಾಗ ಮಡಚಿಕೊಂಡು ಅಡ್ಡಕೋಲಿನ ಮೇಲೆ ಕೂರುತ್ತದೆ. ಹಾಯಿ ಚಿಕ್ಕದಾಗುತ್ತದೆ, ಹೆಂಡತಿ ಒದ್ದೆಯಾಗದೆ ಉಳಿಯುತ್ತಾಳೆ.

ಆದರೆ ವಾಚಣ್ಣನ ಕೈಗೆ ಅಕ್ಕಿ ಕಾಳಿಗಿಂತ ಸಣ್ಣ ಸ್ಕ್ರೂ ಕೊಟ್ಟರೆ ಕುಣಿಸುತ್ತಿತ್ತು. ಅಂಗೈಗಿಂತ ದೊಡ್ಡ ವಸ್ತು ಕಂಡರೆ ಅದೇ ಕೈ ಕಕ್ಕಾಬಿಕ್ಕಿಯಾಗುತ್ತಿತ್ತು. ಮೊದಲ ರಾಟೆ ತಲೆಕೆಳಗಾಗಿ ಕೂತಿತು. ಎರಡನೆಯದು ಸರಿಯಾಗಿ ಕೂತಿತು, ಆದರೆ ಅವನ ಅಂಗಿಯ ಕೈಯನ್ನೂ ಸೇರಿಸಿಕೊಂಡು.

"ಏನಪ್ಪಾ ಅದು, ಅಡ್ಡಾದಿಡ್ಡಿ ಶಬ್ದ?" ಅನ್ನುತ್ತ ಕೆಳಮನೆಯ ಸ್ಟೇಷನ್ ಮಾಸ್ತರು ಹೊರಬಂದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ವಠಾರದಲ್ಲಿ ಯಾವ ಗಾಡಿ ಬರಬೇಕು, ಯಾವುದು ಹೋಗಬೇಕು ಅನ್ನುವುದು ಈಗಲೂ ಅವರದೇ ತೀರ್ಮಾನ. ಹಾಲಿನವನ ಸೈಕಲ್ಲಿಗೂ ಅವರು ಕೈ ಎತ್ತದೆ ದಾರಿ ಇರಲಿಲ್ಲ.

ವಾಚಣ್ಣ ವಿವರಿಸಿದ. ಮಾಸ್ತರು ಹುಬ್ಬು ಗಂಟಿಕ್ಕಿ ಕೇಳಿದರು.

"ಅಂದ್ರೆ ಇದು ಬ್ರೇಕು."

"ಬ್ರೇಕ್ ಅಲ್ಲ ಮಾಸ್ತರೇ. ಹಾಯಿ ಚಿಕ್ಕದು ಮಾಡೋದು."

"ಚಿಕ್ಕದಾದ್ರೆ ನಿಧಾನ ಆಗತ್ತೋ ಇಲ್ವೋ?"

"ಆಗತ್ತೆ."

"ಮತ್ತೆ? ಬ್ರೇಕೇ! ನಂಗೆ ಹೇಳ್ಕೊಡೋಕೆ ಬರ್ತೀಯಲ್ಲ."

ಅಷ್ಟರಲ್ಲಿ ಮೊದಲ ಮಹಡಿಯ ಟೈಲರಮ್ಮ ಕಟಕಟೆಯಿಂದ ಬಗ್ಗಿ ನೋಡಿದರು. ಬಟ್ಟೆ ಅನ್ನುವುದು ಎಲ್ಲಿ ಹರಡಿದ್ದರೂ ಅವರಿಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ವಾಚಣ್ಣ ಹಾಯಿಗೆ ಕತ್ತರಿ ಇಡುವುದನ್ನು ಕಂಡು, "ಅಯ್ಯೋ ಅಣ್ಣಾ, ನಿಲ್ಲಿ! ಬರೀ ಬಟ್ಟೆಗೆ ಬಳೆ ಹಾಕಿದ್ರೆ ಹರ್ಕೊಂಡು ಬರುತ್ತೆ. ಹಿಂದೆ ದಪ್ಪ ತೇಪೆ ಕೊಡ್ಬೇಕು" ಎಂದು ಕೂಗಿದರು. ಹಾಯಿ ಅವರ ಮನೆಯೊಳಗೆ ಹಿಡಿಸುವ ಹಾಗಿರಲಿಲ್ಲ. ಹೊಲಿಗೆ ಮೆಶಿನ್ನೇ ಕೆಳಗಿಳಿಯಿತು. ವಾಚಣ್ಣ ಮುಂದೆ, ಟೈಲರಮ್ಮ ಹಿಂದೆ, "ಎಡಕ್ಕೆ! ಬಲಕ್ಕೆ! ಇನ್ನೊಂದು ಮೆಟ್ಲು!" ಅಂತ ಮಾಸ್ತರು ಕೆಳಗೆ.

ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮೆಶಿನ್ನಿಗೆ ಜಾಗವಾಯಿತು. ಗಾಳಿಗೆ ಹಾಯಿ ಪದೇ ಪದೇ ಹಾರುತ್ತಿದ್ದರಿಂದ ಟೈಲರಮ್ಮ ಸುತ್ತ ನೋಡಿ, ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ತಂದು ಅದರ ಮೇಲೆ ಹೇರಿದರು. ಅದು ಎಲ್ಲಿಯ ಇಟ್ಟಿಗೆ ಅಂತ ಯಾರೂ ಕೇಳಲಿಲ್ಲ.

"ಪ್ಯಾಂಟ್ ಉದ್ದ ಆದ್ರೆ ಕೆಳಗೆ ಮಡಚ್ತೀವಲ್ಲ, ಅಷ್ಟೇ ಅಲ್ವಾ ಇದು?" ಎಂದರು ಮೆಶಿನ್ನು ತುಳಿಯುತ್ತ.

"ಬ್ರೇಕು," ಎಂದರು ಮಾಸ್ತರು.

"ನೀವು ಸುಮ್ನಿರಿ ಮಾಸ್ತರೇ. ಬಟ್ಟೆ ವಿಷಯ ನಿಮಗೇನು ಗೊತ್ತು?"

"ವೇಗದ ವಿಷಯ ನಿಮಗೇನು ಗೊತ್ತು?"

ಈ ಚರ್ಚೆ ಕಾವೇರಿದಷ್ಟೂ ಮೆಶಿನ್ನು ಜೋರಾಯಿತು. ಟೈಲರಮ್ಮ ಮಾಸ್ತರನ್ನು ನೋಡುತ್ತಿದ್ದರೇ ಹೊರತು ಸೂಜಿಯನ್ನಲ್ಲ. ಆದರೂ ಪಳಗಿದ ಕೈ. ತೇಪೆ ಗಟ್ಟಿಯಾಗಿ ಕೂತಿತು, ಬಳೆಗಳೂ ಕೂತವು. ವಾಚಣ್ಣ ಹಾಯಿಯನ್ನು ಕೂವೆಮರಕ್ಕೂ ಅಡ್ಡಕೋಲಿಗೂ ಕಟ್ಟಿ ಹಗ್ಗ ಪೋಣಿಸಿದ. ರಾಟೆ ಗಿರ್ರನೆ ತಿರುಗಿತು. ಗಡಿಯಾರವೊಂದು ಮತ್ತೆ ಟಿಕ್ ಅಂದಾಗಿನ ಸುಖವೇ ಅವನ ಮುಖದಲ್ಲಿ ಅರಳಿತು.

"ಒಂದ್ಸಲ ಏರಿಸಿ ನೋಡೋಣ," ಎಂದ.

ಹಾಯಿ ಏರಿತು. ಅದರ ಜೊತೆಗೆ ಒಂದು ನೀಲಿ ಶರ್ಟೂ ಏರಿತು. ತಂತಿಯಿಂದ ಯಾವಾಗಲೋ ಜಾರಿ ಹಾಯಿಯ ಅಡಿ ಸೇರಿದ್ದ ಆ ಶರ್ಟಿನ ಅಂಚು ತೇಪೆಯ ಜೊತೆ ಜೋಡಿ ಹೊಲಿಗೆಯಲ್ಲಿ ಭದ್ರವಾಗಿತ್ತು. ಗಾಳಿ ತುಂಬಿಕೊಂಡು, ಎರಡೂ ಕೈ ಚಾಚಿ, ಅದು ವಠಾರಕ್ಕೆಲ್ಲ ಟಾಟಾ ಮಾಡತೊಡಗಿತು.

"ಅದು ನನ್ನ ಶರ್ಟು!" ಎಂದು ಚೀರಿದ ಮಾಸ್ತರು, ಅವರ ವಯಸ್ಸಿಗೆ ಒಪ್ಪದ ಚುರುಕಿನಲ್ಲಿ ದೋಣಿ ಹತ್ತಿದರು.

ಅದೇ ಹೊತ್ತಿಗೆ ಗಾಳಿ ಬೀಸಿತು. ಇಟ್ಟಿಗೆಯಿಲ್ಲದ ಚಕ್ರ ಒಮ್ಮೆ ಯೋಚಿಸಿ, ಹೊರಟಿತು. ಮೆಶಿನ್ನು ತರುವಾಗ ಬಿಸಾಡಿದ ಚಾಪೆಯ ಮೇಲೆ ಹತ್ತಿ, ಇಳಿದು, ತೆರೆದ ಗೇಟಿನಿಂದ ನೇರ ರಸ್ತೆಗೆ.

"ಮಾಸ್ತರೇ, ಒಂದು ಹಗ್ಗ ಬಿಡಿ, ಇನ್ನೊಂದು ಎಳೀರಿ!" ವಾಚಣ್ಣ ಹಿಂದೆಯೇ ಓಡಿದ.

"ಯಾವ್ದು ಬಿಡ್ಲಿ? ಯಾವ್ದು ಎಳೀಲಿ?"

"ಬಿಳೀದು!"

"ಎರಡೂ ಬಿಳೀದೇ ಕಣಯ್ಯಾ!"

ಮಾಸ್ತರು ಒಂದನ್ನು ಎಳೆದರು. ಅದು ಬಿಡಬೇಕಾದ ಹಗ್ಗ. ಹಾಯಿ ಇನ್ನಷ್ಟು ಬಿಗಿಯಾಗಿ, ಉಬ್ಬಿದ ಕೆನ್ನೆಯ ಹಾಗಾಗಿ, ದೋಣಿ ಇಳಿಜಾರಿನಲ್ಲಿ ರೊಯ್ಯನೆ ಸಾಗಿತು. ತರಕಾರಿಯವಳು ಬುಟ್ಟಿ ಎಳೆದುಕೊಂಡಳು. ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ ಹೊರಗೆ ಬಂದು ನಿಂತ. ನೀಲಿ ಶರ್ಟು ಎಲ್ಲರಿಗೂ ಕೈ ಬೀಸುತ್ತಿತ್ತು. ಕೆಲವರು ತಿರುಗಿ ಬೀಸಿದರು.

ಕೊನೆಗೆ ಗಾಬರಿಯಲ್ಲಿ ಮಾಸ್ತರು ಮೊದಲ ಹಗ್ಗವನ್ನು ಬಿಟ್ಟು, ಇನ್ನೊಂದಕ್ಕೆ ಜೋತುಬಿದ್ದರು. ಸರ್ರನೆ ಹಾಯಿ ಒಂದು ಮೊಳ ಇಳಿಯಿತು. ಕೆಳಗಿನ ಭಾಗ ಅಚ್ಚುಕಟ್ಟಾಗಿ ಮಡಚಿಕೊಂಡು ಅಡ್ಡಕೋಲಿನ ಮೇಲೆ ಕೂತಿತು. ಶರ್ಟು ಸುಸ್ತಾದವನ ಹಾಗೆ ಕೋಲಿನ ತುದಿಗೆ ಒರಗಿತು. ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಇಳಿಜಾರು ಮುಗಿಯುವಲ್ಲಿ ಡ್ಯೂಟಿ ಮುಗಿಸಿ ಬರುತ್ತಿದ್ದ ಬಿಳಿ ಸಮವಸ್ತ್ರದ ಒಬ್ಬ ಹೆಂಗಸಿನ ಕಾಲ ಬಳಿ ಬಂದು ನಿಂತಿತು.

ವಾಚಣ್ಣನ ಹೆಂಡತಿ ದೋಣಿಯನ್ನು ನೋಡಿದಳು, ಶರ್ಟನ್ನು ನೋಡಿದಳು, ಏದುಸಿರು ಬಿಡುತ್ತ ಬಂದ ಗಂಡನನ್ನು ನೋಡಿದಳು.

"ಮಾಸ್ತರೇ, ಪೆಟ್ಟಾಯ್ತಾ?" ಎಂದು ಕೇಳುತ್ತಲೇ ಅವರ ನಾಡಿ ಹಿಡಿದಳು.

ಮಾಸ್ತರ ಕೂದಲು ನಿಂತಿತ್ತು, ಕಣ್ಣು ಹೊಳೆಯುತ್ತಿತ್ತು. "ಇಲ್ಲಮ್ಮಾ. ಇಷ್ಟು ವರ್ಷ ಪ್ಲಾಟ್‌ಫಾರಂ ಮೇಲೆ ನಿಂತು ಬೇರೆಯವ್ರನ್ನ ಕಳಿಸಿದ್ದೇ ಆಯ್ತು. ಇವತ್ತು ನಾನೇ ಹೋದೆ! ಏನು ಬ್ರೇಕು ಮಾಡಿದಾನೆ ನಿನ್ನ ಗಂಡ, ಆಹಾ!"

ಆಗ ಅವಳು ಮಡಚಿದ ಹಾಯಿಯನ್ನು ಮೆಲ್ಲಗೆ ಮುಟ್ಟಿ ನೋಡಿದಳು. "ಇದೇನಾ ಆ ವ್ಯವಸ್ಥೆ? ನಂಗೋಸ್ಕರ ಮಾಡಿದ್ದಾ?"

ವಾಚಣ್ಣ ತಲೆಯಾಡಿಸಿದ.

"ಹೇಗೂ ಕೆರೆ ಹತ್ರಾನೇ ಬಂದಾಗಿದೆ. ನಡೀರಿ, ಈಗ್ಲೇ ಹೋಗೋಣ."

ಮಾಸ್ತರನ್ನು ಕೆಳಗಿಳಿಸಿ, ಶರ್ಟು ಬಿಡಿಸುವಷ್ಟೂ ಪುರಸೊತ್ತು ಕೊಡದೆ ವಾಚಣ್ಣ ದೋಣಿಯನ್ನು ನೀರಿಗೆ ಇಳಿಸಿದ. ಇಳಿಬಿಸಿಲಿನಲ್ಲಿ ಕೆರೆ ಮಿರುಗುತ್ತಿತ್ತು. ಪೂರ್ತಿ ಹಾಯಿ ಬಿಚ್ಚಿದ. ದೋಣಿ ಹಕ್ಕಿಯ ಹಾಗೆ ಹೊರಟಿತು. ಅವಳು ಅಂಚನ್ನು ಗಟ್ಟಿಯಾಗಿ ಹಿಡಿದಳು. ನಡುವಿಗೆ ಬಂದಾಗ ಅದೇ ಹಾಳು ಗಾಳಿ ಬಂದು ದೋಣಿಯನ್ನು ವಾಲಿಸಿತು. ಅವಳು ಕಣ್ಣು ಮುಚ್ಚಿದಳು. ವಾಚಣ್ಣ ಒಂದು ಹಗ್ಗ ಬಿಟ್ಟ, ಒಂದು ಹಗ್ಗ ಎಳೆದ. ದೋಣಿ ಮಾತು ಕೇಳುವ ಮಗುವಿನ ಹಾಗೆ ನೆಟ್ಟಗೆ ಕೂತಿತು.

ಅವಳು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಆಮೇಲೆ ನಕ್ಕಳು. ಎಷ್ಟು ಕಾಲವಾಗಿತ್ತು ಹಾಗೆ ನಕ್ಕು! ವಾಚಣ್ಣನಿಗೆ ರಾಟೆ ಬಿಗಿಯುವಾಗ ಬೆರಳಿಗಾದ ಗಾಯಗಳೆಲ್ಲ ಮರೆತೇ ಹೋದವು.

ಗಾಳಿ ಹೊರಟುಹೋಯಿತು. ಅವನು ಹಾಯಿ ಮತ್ತೆ ಬಿಚ್ಚಲು ಹಗ್ಗಕ್ಕೆ ಕೈ ಹಾಕಿದ.

"ಕೈ ತೆಗೀರಿ," ಎಂದಳು ವಾರ್ಡಿನ ದನಿಯಲ್ಲಿ.

"ಅಲ್ಲ, ಈಗ ಗಾಳಿ ಇಲ್ಲ. ಪೂರ್ತಿ ಬಿಚ್ಚದಿದ್ರೆ ಮುಂದಕ್ಕೆ ಹೋಗಲ್ಲ."

"ಹೋಗಿ ಏನಾಗ್ಬೇಕು? ಹೀಗೇ ಚೆನ್ನಾಗಿದೆ."

ದೋಣಿ ನಿಂತಲ್ಲೇ ನಿಂತಿತು. ಹಾಯಿ ಚಿಕ್ಕದಾಗಿ, ಶರ್ಟು ಜೋಲುಮುಖ ಹಾಕಿಕೊಂಡು. ಒಂದು ಬಾತುಕೋಳಿ ಸಂಸಾರಸಮೇತ ಇವರನ್ನು ದಾಟಿಕೊಂಡು ಹೋಯಿತು. ಕೊನೆಗೆ ವಾಚಣ್ಣ ದೋಣಿಯೊಳಗಿದ್ದ ಹುಟ್ಟು ಎತ್ತಿಕೊಂಡು ನೀರು ತಳ್ಳತೊಡಗಿದ. ಅವಳು ನೀರಿಗೆ ಬೆರಳು ಇಳಿಬಿಟ್ಟು ವಾರ್ಡಿನ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಅವನು ಬೆವರುತ್ತ ಹೂಂಗುಟ್ಟಿದ. ಇರಲಿ ಬಿಡು, ಅಂದುಕೊಂಡ. ಇವಳಿಗೆ ಡ್ಯೂಟಿ ಇದ್ದಾಗ ಒಬ್ಬನೇ ಬಂದು ಪೂರ್ತಿ ಬಿಚ್ಚಿದರಾಯಿತು. ಹಗ್ಗ ಬಿಟ್ಟರೆ ದೊಡ್ಡದು, ಎಳೆದರೆ ಚಿಕ್ಕದು. ಇಬ್ಬರಿಗೂ ಸುಖ. ತಾನೆಂಥ ಬುದ್ಧಿವಂತ!

ದಡಕ್ಕೆ ಬಂದಾಗ ಟೈಲರಮ್ಮ, ಮಾಸ್ತರು ಕಾಯುತ್ತಿದ್ದರು. ಶರ್ಟು ಬಿಡಿಸಿ ಕೊಡುತ್ತೇನೆಂದು ಟೈಲರಮ್ಮ ಹಾಯಿ ಸುತ್ತಿಕೊಂಡರು. ಹೆಂಗಸರಿಬ್ಬರೂ ಪಿಸುಪಿಸು ಮಾತಾಡುತ್ತ ಮುಂದೆ ನಡೆದರು. ಮಾಸ್ತರ ನಿರ್ದೇಶನದಲ್ಲಿ ದೋಣಿಯನ್ನು ಇಳಿಜಾರಿನ ಮೇಲಕ್ಕೆ ತಳ್ಳುವ ಕೆಲಸ ವಾಚಣ್ಣನದು.

ಅವನು ಅಂಗಳ ಸೇರಿ, ಸ್ನಾನ ಮಾಡಿ, ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಕೂರುವ ಹೊತ್ತಿಗೆ ಟೈಲರಮ್ಮ ಬಾಗಿಲಿಗೆ ಬಂದರು. ಕೈಯಲ್ಲೊಂದು ಗಟ್ಟಿಮುಟ್ಟಾದ ಬಿಳಿ ಚೀಲ. ಎರಡು ಹಿಡಿ, ಹೊರಗೊಂದು ಜೇಬು.

"ತಗೊಳ್ಳಿ ಅಣ್ಣಾ. ಮಾಸ್ತರ ಶರ್ಟು ಇಸ್ತ್ರಿ ಮಾಡಿ ಕೊಟ್ಟಾಯ್ತು. ನಿಮ್ಮ ಹಾಯಿ ಇದರೊಳಗಿದೆ."

"ಚೀಲ ಎಷ್ಟು ಚೆನ್ನಾಗಿದೆ!" ವಾಚಣ್ಣನಿಗೆ ನಿಜಕ್ಕೂ ಖುಷಿಯಾಯಿತು. ಹಾಯಿ ತೆಗೆದು ನಡುಮನೆಯಲ್ಲಿ ಬಿಚ್ಚಿದ. ಅಂಚು ಹುಡುಕಿದ. ತಿರುಗಿಸಿದ. ಇನ್ನೊಂದು ಸಲ ತಿರುಗಿಸಿದ. ಹೊಸ ಬಳೆಗಳಿದ್ದವು. ಆದರೆ ಅವು ಈಗ ಕೆಳ ಅಂಚಿನಲ್ಲೇ ಇದ್ದವು. ಅಂಚಿಗೆ ಜೋಡಿ ಹೊಲಿಗೆ.

"ಇದರ ಕೆಳಗಡೆ... ಇನ್ನೂ ಒಂದು ಮೊಳ ಬಟ್ಟೆ ಇತ್ತಲ್ಲ?"

"ಅದನ್ನ ತೆಗೆದುಬಿಟ್ಟೆ. ನಿಮ್ಮನೆ ಅಕ್ಕಾನೇ ಹೇಳಿದ್ದು. ಪಾಪ, ನಡುನೀರಲ್ಲಿ ಆ ಹಗ್ಗ ಎಳ್ಕೊಂಡು ಅವರು ಒದ್ದಾಡೋದು ನೋಡೋಕಾಗಲ್ಲ, ಒಂದೇ ಸಲಕ್ಕೆ ಚಿಕ್ಕದು ಮಾಡಿಬಿಡಮ್ಮಾ ಅಂತ. ಮಿಕ್ಕಿದ ಬಟ್ಟೆ ಒಂದು ಚೂರೂ ದಂಡ ಮಾಡಿಲ್ಲ ಅಣ್ಣಾ. ಅದೇ ಈ ಚೀಲ."

ವಾಚಣ್ಣ ಸೋಫಾದ ಮೇಲೆ ಕುಸಿದ. ಹೆಂಡತಿ ಆಗಲೇ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡುತ್ತಿದ್ದಳು. ಅದರೊಳಗೆ ಟವೆಲ್ಲು, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಆಗಲೇ ಹೋಗಿ ಕೂತಿದ್ದವು.

"ಇನ್ಮೇಲೆ ಭಾನುವಾರ ಡ್ಯೂಟಿ ಹಾಕ್ಬೇಡಿ ಅಂತ ಫೋನ್ ಮಾಡಿ ಹೇಳಿಬಿಟ್ಟೆ ಕಣ್ರೀ," ಎಂದಳು. "ಪ್ರತಿ ವಾರ ಹೋಗೋಣ."

ಅವಳ ಮುಖ ನೋಡಿದ ಮೇಲೆ ಬೈಯುವುದು ವಾಚಣ್ಣನಿಂದ ಆಗುವ ಕೆಲಸವಾಗಿರಲಿಲ್ಲ. ಒಂದು ಮೊಳ ಕಡಿಮೆಯಾದ ಹಾಯಿಯನ್ನು ಮೆಲ್ಲಗೆ ಮಡಚಿಟ್ಟ. ಹುಟ್ಟು ಹಾಕಿ ಬೊಬ್ಬೆ ಎದ್ದ ಅಂಗೈ ನೋಡಿಕೊಂಡ.

"ಹಾಗಾದ್ರೆ ಇನ್ನೊಂದು ಹುಟ್ಟು ತರ್ಬೇಕು," ಎಂದ.

"ಯಾಕ್ರೀ, ಒಂದು ಸಾಕು," ಎಂದಳು ಅವಳು ಕನ್ನಡಿಯಲ್ಲೇ ಅವನನ್ನು ನೋಡಿ ನಗುತ್ತ. "ನಾನು ಹುಟ್ಟು ಹಾಕಲ್ಲಪ್ಪಾ."