ಬೆಳಕಿನ ಗೂಡಿನಲ್ಲಿ ಕೂತವು

ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲು ತೆಗೆದ ಸಂಶೋಧನಾ ವಿದ್ಯಾರ್ಥಿ ತೀರಯುತ್ ಹೊಸ್ತಿಲಲ್ಲೇ ನಿಂತುಬಿಟ್ಟ. ಲೇಸರ್ ಕಿರಣ ಯಂತ್ರದೊಳಗೆ ಹೋಗುವ ಗಾಜಿನ ಮೇಲೆ ಮೂರು ಬಿಳಿ ಬೊಟ್ಟು!

"ನಾನೇ ಇಡಿಸಿದ್ದು ಕಣೋ," ಅಂದಳು ಕಚೇರಿಯ ಲಮ್ಯೈ ಅಕ್ಕ. "ನಿಮ್ಮ ಮೇಷ್ಟ್ರ ಹೊಸ ಕಾರಿಗೆ ಬೊಟ್ಟಿಡೋಕೆ ವಿಹಾರದ ಭಿಕ್ಷುಗಳು ಬಂದಿದ್ರು. ಈ ಬಡಪಾಯಿ ಮಷೀನಿಗೂ ಆಶೀರ್ವಾದ ಆಗ್ಲಿ ಅಂತ ಕರ್ಕೊಂಡು ಬಂದೆ."

"ಅಕ್ಕಾ, ಅದು ಇದರ ಕಣ್ಣು!"

"ಹಾಗಾದ್ರೆ ಸರಿಯಾದ ಜಾಗಕ್ಕೇ ಬಿದ್ದಿದೆ ಬಿಡು."

ಮಧ್ಯಾಹ್ನ ಬ್ಯಾಂಕಾಕಿನಿಂದ ವಿದ್ಯಾರ್ಥಿವೇತನದ ಅಧಿಕಾರಿ ರಚನೀಕೊನ್ ಬರುವವರಿದ್ದರು. ಯಂತ್ರದಲ್ಲಿ ಹಿಡಿದ ಪರಮಾಣುಗಳು ಪರದೆಯ ಮೇಲೆ ಕಂಡರೆ ವೇತನ ಇನ್ನೊಂದು ವರ್ಷ ಸಿಗುತ್ತದೆ, ಇಲ್ಲದಿದ್ದರೆ ಚಿಯಾಂಗ್ ಮೈ ಬಿಟ್ಟು ಅಪ್ಪನ ಟೈರ್ ಅಂಗಡಿಯೇ ಗತಿ ಎಂದು ತೀರಯುತ್ ನಂಬಿದ್ದ. ನಾಲ್ಕು ವರ್ಷದಲ್ಲಿ ಆ ಪರಮಾಣುಗಳು ಒಮ್ಮೆಯೂ ಮುಖ ತೋರಿಸಿರಲಿಲ್ಲ.

ಬೊಟ್ಟು ಒರೆಸುವಾಗ ಮೊಣಕೈ ತಾಗಿ, ಕಿರಣಕ್ಕೆ ದಾರಿ ತೋರಿಸುವ ಕನ್ನಡಿಯೊಂದು ಅಲುಗಿತು. ಅದನ್ನು ಸರಿಮಾಡುತ್ತಿದ್ದಂತೆ ಹಲ್ಲು ಕಟಕಟ ಅನ್ನತೊಡಗಿತು. ಕಾವಲುಗಾರ ಬುನ್ಲುಯೆ ನಗುತ್ತ ಬಂದ.

"ಭಾರೀ ತಣ್ಣಗಿರೋ ಪರಮಾಣು ಬೇಕು ಅಂತಿದ್ರಲ್ಲ, ಎ.ಸಿ. ಪೂರ್ತಿ ತಿರುಗಿಸಿದೀನಿ."

"ಅಣ್ಣಾ, ಅವನ್ನ ಎದುರಿಂದ ತಳ್ಳಿ, ಓಟ ನಿಲ್ಲಿಸಿ ತಣ್ಣಗೆ ಮಾಡೋದು ಎ.ಸಿ. ಅಲ್ಲ, ಲೇಸರ್ ಬೆಳಕು!"

"ಬೆಳಕು ತಣ್ಣಗೆ ಮಾಡುತ್ತಾ? ನಾನೇನು ಮಧ್ಯಾಹ್ನದ ಬಿಸಿಲಲ್ಲಿ ಗೇಟ್ ಹತ್ರ ನಿಂತವನಲ್ವಾ?"

ಚಳಿಗೆ ಉಳಿದ ಕನ್ನಡಿಗಳೂ ಹದ ತಪ್ಪಿದವು. ಒಂದೊಂದನ್ನೇ ತಿರುಪುತ್ತಿದ್ದಾಗಲೇ ಲಮ್ಯೈ ಅಕ್ಕನ ಜೊತೆ ರಚನೀಕೊನ್ ಬಂದು ನಿಂತರು. ಬೇರೆ ದಾರಿ ಕಾಣದೆ ತೀರಯುತ್ ಯಂತ್ರದ ಗುಂಡಿ ಒತ್ತಿದ.

ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಒಂದು ಚುಕ್ಕಿ ಮೂಡಿತು, ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಅಂಗಳದ ರಂಗೋಲಿಗೆ ಇಟ್ಟ ಹಾಗೆ ಸಾಲು ಸಾಲು ಚುಕ್ಕಿ. ಒಂದೊಂದೂ ಒಂದೊಂದು ಪರಮಾಣು! ನಕ್ಷತ್ರಗಳ ನಡುವಿನ ಬಯಲಿಗಿಂತ ತಣ್ಣಗೆ, ಬರೀ ಬೆಳಕಿನ ಗೂಡುಗಳಲ್ಲಿ ಕೂತಿದ್ದವು. ಲೋಹದೊಳಗೆ ಎಲೆಕ್ಟ್ರಾನುಗಳು ಕಣ್ಣಿಗೆ ಬೀಳದಂತೆ ಆಡುವ ಆಟವನ್ನು ಇನ್ನು ಇವು ಅವುಗಳ ವೇಷ ಕಟ್ಟಿ ಆಡಿ ತೋರಿಸಬಲ್ಲವು. ಲಮ್ಯೈ ಅಕ್ಕ ತನಗರಿವಿಲ್ಲದೆ ಕೈ ಮುಗಿದಳು.

ಚುಕ್ಕಿಗಳು ಮಾಯವಾದವು.

"ಎಲ್ಲಿ ಹೋದ್ವು?" ಬುನ್ಲುಯೆ ಪಿಸುಗುಟ್ಟಿದ.

"ನೋಡೋಕೆ ಅಂತ ಹಾಯಿಸಿದ ಬೆಳಕಿಗೆ ಬಿಸಿಯಾಗಿ ಹಾರಿಹೋದ್ವು. ಮತ್ತೆ ಬೇರೆಯವನ್ನ ಕೂರಿಸಬೇಕು."

ರಚನೀಕೊನ್ ಕಣ್ಣೊರೆಸಿಕೊಂಡರು. "ಇಂಥದ್ದು ನಾನು ಜನ್ಮದಲ್ಲೇ ನೋಡಿರಲಿಲ್ಲ ಮಗೂ."

"ಆಟ ಇನ್ನೂ ಶುರುವೇ ಆಗಿಲ್ಲ ಮೇಡಂ. ಆ ಇನ್ನೊಂದು ವರ್ಷ ಸಿಕ್ಕಿದ್ರೆ..."

"ಇನ್ನೊಂದು ವರ್ಷ ಯಾಕಪ್ಪಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಪರಮಾಣು ತೋರಿಸ್ತೀನಿ ಅಂದಿದ್ದೆ, ತೋರಿಸ್ದೆ. ಕೆಲಸ ಮುಗೀತು, ವೇತನಾನೂ ಮುಗೀತು! ಕಾಣದೇ ಹೋಗಿದ್ರೆ, ಪಾಪ, ಇನ್ನೊಂದು ವರ್ಷ ಕೊಡೋಣ ಅಂತಲೇ ಬಂದಿದ್ದೆ."