ಕುರ್ಚಿಯ ಮೇಲೆ ಮಾರ್ಲಿಸ್, ಬಾವುಟದ ಕೆಳಗೆ ಆರ್ವಿಡ್

"ಈ ಚಳಿಗಾಲ ಸಾರಿಗೆ, ನೀರು, ಕೊಳಚೆ, ಮೂರೂ ಖಾತೆ ನನ್ನವೇ! ನೀನು ಕುರ್ಚಿಯಲ್ಲಿ ಮಹಾರಾಣಿ ಹಾಗೆ ಕೂತಿರು, ಸಾಕು!"

ಊರಿನ ಹಿಮ ತಪ್ಪಿಸಿಕೊಂಡು ಚಳಿಗಾಲ ಕಳೆಯಲು ಬಂದು, ಅರಿಜೋನಾದ ಮರುಭೂಮಿಗೆ ಮನೆಗಾಡಿಯ ಗಾಲಿ ತಾಗಿದ ದಿನವೇ ಆರ್ವಿಡ್ ಟೊಲೆಫ್‌ಸನ್ ಹೆಂಡತಿಯ ಮುಂದೆ ಹೊರಡಿಸಿದ ಘೋಷಣೆ ಇದು. ಆಸಾಮಿ ನಾರ್ತ್ ಡಕೋಟಾದಲ್ಲಿ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು. ಹಿಮ ಬಿದ್ದು ರಸ್ತೆ ಯಾವುದು, ಹೊಲ ಯಾವುದು ಎಂದು ತಿಳಿಯದ ದಿನಗಳಲ್ಲೂ ಹಾಲನ್ನು ಡೈರಿಗೆ ಮುಟ್ಟಿಸಿದವನು. ದಾರಿ ತಪ್ಪುವುದು ಎಂಬ ಕಾಯಿಲೆ ತನ್ನ ವಂಶದಲ್ಲೇ ಇಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಘೋಷಣೆಗೆ ಕಾರಣ ಇಲ್ಲದಿರಲಿಲ್ಲ. ಬಸ್ಸಿನಷ್ಟು ಉದ್ದದ ಮನೆಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕಾದರೆ ಗಂಡ ಸ್ಟೇರಿಂಗ್ ಹಿಡಿಯಬೇಕು, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡಬೇಕು. ಅವಳು ಎಡಕ್ಕೆ ಎನ್ನುತ್ತಾಳೆ, ಇವನು ಬಲಕ್ಕೆ ತಿರುಗಿಸುತ್ತಾನೆ. ಅವಳು ನಿಲ್ಲಿಸು ಎನ್ನುತ್ತಾಳೆ, ಇವನ ಕನ್ನಡಿಯಲ್ಲಿ ಅವಳೇ ಕಾಣುವುದಿಲ್ಲ. ಆಮೇಲೆ ನಡೆಯುವ ಜಗಳವಿದೆಯಲ್ಲ, ಅದು ಮರುಭೂಮಿಯ ಶಿಬಿರಗಳಲ್ಲಿ ಪುಕ್ಕಟೆ ನಾಟಕ. ಹಿಂದಕ್ಕೆ ಬರುವ ಗಾಡಿಯ 'ಬೀಪ್ ಬೀಪ್' ಕೇಳಿಸಿದರೆ ಸಾಕು, ಸುತ್ತಲಿನ ಮುದುಕರೆಲ್ಲ ಕುರ್ಚಿ ಹೊತ್ತು ತಂದು ಮುಂದಿನ ಸಾಲು ಹಿಡಿಯುತ್ತಾರೆ! ಹೋದ ವರ್ಷ ಟೊಲೆಫ್‌ಸನ್ ದಂಪತಿಯ ಪ್ರಯೋಗಕ್ಕೆ ಎಷ್ಟು ಜನ ಸೇರಿದ್ದರೆಂದರೆ, ಯಾರೋ ಒಬ್ಬರು ಪಾಪ್‌ಕಾರ್ನ್ ಕೂಡ ಹಂಚಿದ್ದರು. ಮಾರ್ಲಿಸ್ ಅವತ್ತೇ ಹೇಳಿಬಿಟ್ಟಿದ್ದಳು.

"ಇನ್ನೊಂದು ಸಲ ಊರಿಗೆಲ್ಲ ಕೇಳೋ ಹಾಗೆ ನನ್ನ ಮೇಲೆ ಕಿರುಚಿದ್ರೆ ನೋಡು, ಬಸ್ ಹತ್ತಿ ಫಾರ್ಗೋಗೆ, ಮಗಳ ಮನೆಗೆ ಹೋಗಿಬಿಡ್ತೀನಿ. ನಿನ್ನ ಗಾಡಿ, ನಿನ್ನ ಕನ್ನಡಿ, ನೀನೇ ಸಂಸಾರ ಮಾಡ್ಕೋ!"

ಈ ವರ್ಷ ಬಂದು ವಾರ ಕಳೆಯುವವರೆಗೂ ಎಲ್ಲ ಸುಸೂತ್ರ. ಆ ಭಾನುವಾರ ಮಧ್ಯಾಹ್ನ ಮಾರ್ಲಿಸ್ ತಲೆಗೆ ಬಣ್ಣ ಹಚ್ಚಿಕೊಂಡಳು. ಹಚ್ಚುವ ಮೊದಲು ಕೇಳಿಯೇ ಹಚ್ಚಿದಳು.

"ಟ್ಯಾಂಕಲ್ಲಿ ನೀರಿದೆಯಾ?"

ಆರ್ವಿಡ್ ಅಡುಗೆಕಟ್ಟೆಯ ಮೇಲೆ ಟ್ಯಾಂಕಿನ ಮಟ್ಟ ತೋರಿಸುವ ಸಾಲು ದೀಪ ನೋಡಿದ. "ಅರ್ಧ ಟ್ಯಾಂಕ್ ಇದೆ, ಜಲಪಾತದ ಹಾಗೆ ಸ್ನಾನ ಮಾಡು!"

ಮನೆಗಾಡಿಯ ನೀರಿನ ದೀಪ ಸತ್ಯ ಹೇಳಿದ್ದನ್ನು ಈ ಭೂಮಿಯ ಮೇಲೆ ಯಾರೂ ಕಂಡಿಲ್ಲ. ಮಾರ್ಲಿಸ್ ತಲೆಗೆ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದರೆ 'ಕೊಳ್ ಕೊಳ್' ಎಂದು ಎರಡು ಸಲ ಕೆಮ್ಮಿ ನಲ್ಲಿ ಸುಮ್ಮನಾಯಿತು. ಕುಡಿಯುವ ನೀರಿನ ಡಬ್ಬಿಯನ್ನು ಬೆಳಗಿನ ಕಾಫಿಗೇ ಬರಿದು ಮಾಡಿದ್ದರು.

"ಆರ್ವಿಡ್! ಅರ್ಧ ಗಂಟೆಯಲ್ಲಿ ತೊಳೀದಿದ್ರೆ ನನ್ನ ತಲೆ ಕ್ಯಾರೆಟ್ ಆಗುತ್ತೆ! ಓಡಿಹೋಗಿ ಡೆಲ್ಬರ್ಟ್ ಹತ್ರ ಒಂದು ಡಬ್ಬಿ ನೀರು ಕೇಳು!"

ಡೆಲ್ಬರ್ಟ್ ಕೆನಡಾದವನು, ಪಕ್ಕದ ಬಿಡಾರ. ಮೂರು ಮೈಲಿ ಆಚೆಗೂ ಕಾಣುವಂಥ ಕಂಬಕ್ಕೆ ತನ್ನ ದೇಶದ ಕೆಂಪು ಎಲೆಯ ಬಾವುಟ ಕಟ್ಟಿದ್ದ.

"ನೀರು ಸಾಲ? ಅದೂ ಡೆಲ್ಬರ್ಟ್ ಹತ್ರ? ದಿನಾ ನಾಲ್ಕು ಗಂಟೆಗೆ ಎಲ್ಲರೂ ಕುರ್ಚಿ ಹಾಕ್ಕೊಂಡು ಹರಟೋ ಸಭೇಲಿ ಅವನು ಅದನ್ನೇ ಹಿಡ್ಕೊಂಡು ಚಳಿಗಾಲ ಪೂರ್ತಿ ಆಡ್ಕೋತಾನೆ! ನಾನು ಊರಿಗೆ ಹೋಗಿ, ಕೊಳಚೆ ಟ್ಯಾಂಕ್ ಖಾಲಿ ಮಾಡಿ, ನೀರು ತುಂಬಿಸ್ಕೊಂಡು ಕಣ್ಣು ಮಿಟುಕಿಸೋದ್ರಲ್ಲಿ ಬರ್ತೀನಿ. ನೀನೂ ಗಾಡಿ ಹತ್ತು, ಹತ್ತು!"

"ಈ ಟೋಪೀಲಿ ನಾನು ಊರೊಳಗೆ ಬರಬೇಕಾ? ಸತ್ರೂ ಬರಲ್ಲ. ಅಲ್ಲದೆ ಜಾಗ ಕಾಯೋರು ಯಾರು?"

ಅದೂ ಸರಿ. ಗಾಡಿ ಹೊರಟರೆ ಹಿಂದೆ ಚಾಪೆ, ಕುರ್ಚಿ ಬಿಟ್ಟು ಹೋಗುವುದು ಅಲ್ಲಿನ ಪದ್ಧತಿ. ಅವನ್ನು ಕಂಡವರು ಇದು ಒಬ್ಬರ ಮನೆ ಎಂದು ಮರ್ಯಾದೆಯಿಂದ ಬಳಸಿ ಹೋಗುತ್ತಾರೆ. ಮಾರ್ಲಿಸ್‌ಗೆ ಮಾತ್ರ ಬರೀ ಚಾಪೆಯ ಮೇಲೆ ನಂಬಿಕೆಯಿಲ್ಲ. ಹಸಿರು ಪ್ಲಾಸ್ಟಿಕ್ ಚಾಪೆಯ ಮೇಲೆ ಕುರ್ಚಿ ಹಾಕಿ, ಟೋಪಿ ಸರಿಮಾಡಿಕೊಂಡು ಕೂತಳು. ಬಾಗಿಲ ಮುಂದೆ ಅಂದಕ್ಕೆಂದು ಇಟ್ಟಿದ್ದ ತಗಡಿನ ಕೊಕ್ಕರೆಯೂ ಜೊತೆಗೆ ನಿಂತಿತು. ಮನೆ ಹೊರಟುಹೋಯಿತು, ಗೃಹಿಣಿ ಉಳಿದಳು!

"ದಾರಿ ಗುರುತಿದೆಯಾ?" ಎಂದು ಅವಳು ಕೂಗಿದಳು.

"ಯಾರನ್ನ ಕೇಳ್ತಿದ್ದೀಯ! ಡೆಲ್ಬರ್ಟನ ಬಾವುಟ ಹಾರೋವರೆಗೂ ನನಗೆ ನಕ್ಷೆ ಬೇಡ!"

ಹೋಗುವಾಗ ಡೆಲ್ಬರ್ಟ್ ತನ್ನ ಚಾಪೆ ಸುತ್ತುತ್ತಿದ್ದುದು ಆರ್ವಿಡ್ ಕಣ್ಣಿಗೆ ಬಿತ್ತು. ಧೂಳು ಕೊಡವುತ್ತಿದ್ದಾನೆ ಎಂದುಕೊಂಡ.

ಭಾನುವಾರವೆಂದರೆ ಕೊಳಚೆ ಬಿಡುವ ಜಾಗದಲ್ಲಿ ಜಾತ್ರೆ. ಸಾಲು ಹೆದ್ದಾರಿವರೆಗೂ ಬೆಳೆದಿತ್ತು. ಆರ್ವಿಡ್ ಗಡಿಯಾರ ನೋಡಿದಾಗಲೆಲ್ಲ ಅವನ ಕಣ್ಣಮುಂದೆ ಹೆಂಡತಿಯ ತಲೆ ಇನ್ನಷ್ಟು ಕೆಂಪಗಾಗುತ್ತಿತ್ತು. ಕೊನೆಗೂ ಸರದಿ ಬಂತು. ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ಕೊಳವೆ ಜೋಡಿಸಿ, ಇಬ್ಬರ ಒಂದು ವಾರದ ಸಂಸಾರವನ್ನು ಭೂಮಿತಾಯಿಗೆ ಒಪ್ಪಿಸಿದ. ಒಂದು ಹನಿ ಬೂಟಿನ ಮೇಲೆ ಬೀಳಲಿಲ್ಲ! ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು. ಇವನು ಗೆದ್ದ ಸೇನಾಪತಿಯಂತೆ ಗಾಡಿ ಏರಿ, "ಬಂದೆ ಮಾರ್ಲಿಸ್!" ಎಂದು ಮರುಭೂಮಿಯ ಕಡೆ ನುಗ್ಗಿಸಿದ.

ಬಾವುಟ ದೂರದಿಂದಲೇ ಕಂಡಿತು. ಎಂದಿನ ಬಾವುಟ, ಎಂದಿನ ಕಂಬ, ಕೆಳಗೆ ಡೆಲ್ಬರ್ಟನ ಬಿಳಿ ಗಾಡಿ. ಮಣ್ಣಿನ ಜಾಡು ಸ್ವಲ್ಪ ಬೇರೆ ಅನ್ನಿಸಿತು. ಆದರೆ ಅಲ್ಲಿ ಎಲ್ಲ ಜಾಡೂ ಒಂದೇ ಥರ, ಎಲ್ಲ ಪೊದೆಯೂ ಒಂದೇ ಥರ. ಬಾವುಟದ ಪಕ್ಕಕ್ಕೆ ಬಂದು ಬ್ರೇಕ್ ಹಾಕಿದ.

ಚಾಪೆ ಇಲ್ಲ. ಕುರ್ಚಿ ಇಲ್ಲ. ಕೊಕ್ಕರೆ ಇಲ್ಲ. ಮಾರ್ಲಿಸ್ ಇಲ್ಲ!

ಡೆಲ್ಬರ್ಟನ ಬಾಗಿಲು ತಟ್ಟಿದ. ಒಳಗೆ ಯಾರೂ ಇರಲಿಲ್ಲ. ಫೋನ್ ತೆಗೆದು ಹೆಂಡತಿಗೆ ಮಾಡಿದ. ಅದು ತನ್ನ ಮನೆಗಾಡಿಯ ಒಳಗಿಂದಲೇ ಕುಣಿಯುತ್ತ ಹಾಡಿತು. ಚಾರ್ಜಿಗೆ ಹಾಕಿದ ಫೋನನ್ನೂ ಬಿಟ್ಟು ಹೋಗಿದ್ದಾಳೆ! ಆಚೆ ಬದಿಯ ಟ್ರೈಲರಿನ ನೆರಳಲ್ಲಿ ಒಬ್ಬಾಕೆ ಉಲ್ಲನ್ ಹೆಣೆಯುತ್ತಿದ್ದಳು. ಅವಳ ಬಳಿ ಓಡಿದ.

"ತಾಯಿ, ಇಲ್ಲಿ ಒಬ್ಬಳು ಹೆಂಗಸು ಕೂತಿದ್ದಳಲ್ಲ, ತಲೆಗೆ ಪ್ಲಾಸ್ಟಿಕ್ ಟೋಪಿ, ಜೊತೆಗೊಂದು ತಗಡಿನ ಕೊಕ್ಕರೆ, ಎಲ್ಲಿ ಹೋದಳು?"

ಅವಳು ಕನ್ನಡಕದ ಮೇಲಿಂದ ನೋಡಿದಳು. "ಬೆಳಗ್ಗೆಯಿಂದ ನಾನು ಇಲ್ಲೇ ಇದೀನಿ. ಟೋಪಿನೂ ಕಾಣಲಿಲ್ಲ, ಕೊಕ್ಕರೆನೂ ಕಾಣಲಿಲ್ಲ. ಯಾಕೆ, ಜಗಳ ಆಗಿತ್ತಾ?"

"ಜಗಳ ಅಂತಲ್ಲ... ಹೋದ ವರ್ಷ ಸ್ವಲ್ಪ ಕಿರುಚಿದ್ದೆ."

"ಗಾಡಿ ಹಿಂದಕ್ಕೆ ತಗೊಳ್ಳೋವಾಗ?"

"ನಿಮಗೆ ಹೇಗೆ ಗೊತ್ತು?"

"ನನ್ನ ಮೊದಲನೇ ಗಂಡನ್ನ ನಾನು ಬಿಟ್ಟಿದ್ದೂ ಅಲ್ಲೇ" ಎಂದು ಅವಳು ಮತ್ತೆ ಹೆಣಿಗೆಗೆ ಇಳಿದಳು. "ಚಾಪೆನೂ ತಗೊಂಡು ಹೋಗಿದ್ದಾಳೆ ಅಂತೀರಾ? ಹಾಗಾದ್ರೆ ವಾಪಸ್ ಬರಲ್ಲ ಬಿಡಿ. ಬರೋ ಮನಸ್ಸಿದ್ದವರು ಚಾಪೆ ಬಿಟ್ಟು ಹೋಗ್ತಾರೆ."

ಆರ್ವಿಡ್ ಮನೆಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಕೆಂಪು ಕೂದಲ ಮಾರ್ಲಿಸ್ ಕೊಕ್ಕರೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯಲ್ಲಿ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ನಗಬೇಕಾದ ಚಿತ್ರ. ಅವನಿಗೆ ಅಳು ಬಂತು. ಒಂದು ಡಬ್ಬಿ ನೀರು ಕೇಳಿದ್ದರೆ ಮೂಗೇನು ಕಿತ್ತುಹೋಗುತ್ತಿತ್ತೇ! ಅವಳಿಲ್ಲದ ಮೇಲೆ ಈ ಬಿಸಿಲು ಯಾರಿಗೆ ಬೇಕು, ಈ ಬಸ್ಸಿನಷ್ಟುದ್ದದ ಮನೆ ಯಾರಿಗೆ ಬೇಕು? ಫಾರ್ಗೋ ಕಡೆಗೆ ಈಗಲೇ ಗಾಡಿ ತಿರುಗಿಸುವುದೆಂದು ಎದ್ದು ನಿಂತ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಡೆಲ್ಬರ್ಟನ ನಂಬರು.

"ಡೆಲ್ಬರ್ಟ್! ನನ್ನ ಸಂಸಾರ ಮುಳುಗಿಹೋಯ್ತಯ್ಯಾ!"

"ಮುಳುಗೋಕೆ ನೀರೆಲ್ಲಿದೆ?" ಎಂದಿತು ಆ ಕಡೆಯ ದನಿ. ಮಾರ್ಲಿಸಳದು!

"ಮಾರ್ಲಿಸ್! ಬಸ್ ಎಲ್ಲಿವರೆಗೆ ಬಂತು? ಇಳಿದುಬಿಡೇ, ನಿನ್ನ ದಮ್ಮಯ್ಯ ಅಂತೀನಿ!"

"ಯಾವ ಬಸ್ಸು? ನಾನು ಕುರ್ಚಿ ಮೇಲಿದ್ದೀನಿ. ನೀನೆಲ್ಲಿ ಹಾಳಾಗಿ ಹೋದೆ?"

"ನಾನು ನಮ್ಮ ಜಾಗದಲ್ಲೇ ಇದ್ದೀನಿ! ಬಾವುಟದ ಕೆಳಗೆ!"

ಆ ಕಡೆ ಹತ್ತಾರು ಗಂಟಲು ಒಟ್ಟಿಗೆ ನಕ್ಕ ಸದ್ದು. ಡೆಲ್ಬರ್ಟ್ ಫೋನ್ ಇಸಿದುಕೊಂಡ.

"ಆರ್ವಿಡ್, ನನ್ನ ಆಚೆ ಬದಿಗೆ ಹೊಸದಾಗಿ ಬಿಡಾರ ಹೂಡಿದ ಆ ವೇವಾ ನನ್ನ ಕಿವಿ ಪಕ್ಕದಲ್ಲೇ ಜನರೇಟರ್ ಹಾಕಿದಳಲ್ಲ ಮಾರಾಯ, ಅದರ ಗದ್ದಲ ತಡೀಲಾರದೆ ಮಧ್ಯಾಹ್ನ ಹಳ್ಳದ ಆಚೆಗೆ ಬಿಡಾರ ಎತ್ತಿದೆ. ಬಾವುಟನ ಬಿಟ್ಟು ಹೋಗೋಕಾಗುತ್ತಾ? ಸಭೆಗೆ ಅಂತ ನಡ್ಕೊಂಡು ಈಗ ತಾನೇ ಇಲ್ಲಿಗೆ ಬಂದೆ."

ಆರ್ವಿಡ್ ಎಷ್ಟು ಜೋರಾಗಿ ಉಸಿರು ಬಿಟ್ಟನೆಂದರೆ ಉಲ್ಲನ್ ಹೆಣೆಯುವಾಕೆ ತಲೆಯೆತ್ತಿ ನೋಡಿದಳು. "ಚಾಪೆ ಅಲ್ಲೇ ಇದೆ ತಾಯಿ, ಚಾಪೆ ಅಲ್ಲೇ ಇದೆ!" ಎಂದು ಅವಳಿಗೆ ಕೈಮುಗಿದು ಗಾಡಿ ಏರಿದ.

ಹಳ್ಳ ದಾಟಿ ಬಂದು ನೋಡಿದರೆ ಬಯಲ ಮಧ್ಯೆ ಹಸಿರು ಚಾಪೆ, ಸುತ್ತ ಕುರ್ಚಿಗಳ ದೊಡ್ಡ ವೃತ್ತ, ನಡುವೆ ಯಾರೋ ಚೆಲುವೆ. ಮಿರಮಿರ ಮಿಂಚುವ ಕಂದು ಕೂದಲು! ಎರಡನೇ ಸಲ ನೋಡಿದ ಮೇಲೆ ಅವಳು ತನ್ನ ಹೆಂಡತಿಯೇ ಎಂದು ತಿಳಿಯಿತು. ಇವನು ಹೊರಟ ಹಿಂದೆಯೇ ವೇವಾ ಒಂದು ಡಬ್ಬಿ ನೀರು ತಂದಳಂತೆ. ಅದನ್ನು ಕಂಡು ಉಳಿದವರೂ ಒಂದೊಂದು ತಂದರಂತೆ. ಮರುಭೂಮಿಯಲ್ಲಿ ಪಾತ್ರೆ ತೊಳೆದ ನೀರನ್ನೂ ಜೋಪಾನ ಮಾಡುವ ಜನ ಮಾರ್ಲಿಸಳ ತಲೆಗೆ ಅಭಿಷೇಕವನ್ನೇ ಮಾಡಿದ್ದರು.

ಈಗ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. 'ಬೀಪ್ ಬೀಪ್' ಶುರುವಾಯಿತು. ವೃತ್ತದಲ್ಲಿದ್ದ ಕುರ್ಚಿಗಳೆಲ್ಲ ನಿಮಿಷದಲ್ಲಿ ಸಾಲಾದವು. ಆರ್ವಿಡ್ ಕಿಟಕಿಯಿಂದ ತಲೆ ಹೊರಹಾಕಿದ.

"ಮಾರ್ಲಿಸ್... ಸ್ವಲ್ಪ ಕೈ ತೋರಿಸ್ತೀಯಾ?"

"ಸಾರಿಗೆ ಖಾತೆ ನಿನ್ನದಲ್ವಾ?"

"ರಾಜೀನಾಮೆ ಕೊಟ್ಟೆ!"

ಅವಳು ಎದ್ದು ಹಿಂದೆ ಹೋಗಿ ನಿಂತಳು. ಎಡಕ್ಕೆ ಎಂದರೆ ಆರ್ವಿಡ್ ಎಡಕ್ಕೆ ತಿರುಗಿಸಿದ, ನಿಲ್ಲು ಎಂದರೆ ನಿಂತ. ಒಂದು ಮಾತಿಲ್ಲ, ಒಂದು ಕಿರುಚಾಟವಿಲ್ಲ. ಗಾಡಿ ಬೆಣ್ಣೆಯಲ್ಲಿ ಜಾರಿದಂತೆ ಚಾಪೆಯ ಅಂಚಿಗೆ ಬಂದು ಕೂತಿತು.

"ಇದೇನಯ್ಯ, ಜಗಳವೇ ಇಲ್ಲ! ಸುಮ್ನೆ ಕುರ್ಚಿ ಹೊತ್ತು ಸುಸ್ತಾಯ್ತು" ಎಂದು ಡೆಲ್ಬರ್ಟ್ ಗೊಣಗಿದ.

ಆರ್ವಿಡ್ ಇಳಿದು ಬಂದು ಎಲ್ಲರೆದುರೇ ಹೆಂಡತಿಯನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಸಾಕು ಬಿಡು, ಜನ ನೋಡ್ತಿದ್ದಾರೆ" ಎಂದಳು ಮಾರ್ಲಿಸ್. ಆದರೆ ಅವಳೂ ತಕ್ಷಣ ಬಿಡಲಿಲ್ಲ. ಆಮೇಲೆ ಸಭೆಯ ಕಡೆ ತಿರುಗಿ ಗತ್ತಿನಿಂದ ಹೇಳಿದಳು: "ಎಲ್ಲರೂ ನಿಮ್ಮ ನಿಮ್ಮ ಡಬ್ಬಿ ತನ್ನಿ. ಈಗ ತಾನೇ ಟ್ಯಾಂಕ್ ತುಂಬಿಸ್ಕೊಂಡು ಬಂದಿದ್ದಾನೆ. ಒಬ್ಬರ ಋಣವೂ ಉಳಿಸ್ಕೊಳ್ಳಲ್ಲ!"

ಮನೆಗಾಡಿಯ ಬಾಗಿಲಿಂದ ಡಬ್ಬಿಗಳ ಸಾಲು ಬೆಳೆಯಿತು. ಮೊದಲು ವೇವಾ, ಅವಳ ಹಿಂದೆ ಡೆಲ್ಬರ್ಟ್. ಮಾರ್ಲಿಸ್ ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

'ಕೊಳ್ ಕೊಳ್.'

ಆರ್ವಿಡ್ ಮುಖ ಸುಣ್ಣದಂತಾಯಿತು. ಕೊಳಚೆ ಬಿಟ್ಟದ್ದು ನೆನಪಿದೆ. ಕೈಗವಸು ಬಿಚ್ಚಿದ್ದು ನೆನಪಿದೆ. ಹಾರ್ನ್ ಕೇಳಿಸಿದ್ದು, ಸೇನಾಪತಿಯಂತೆ ಗಾಡಿ ಏರಿದ್ದು ನೆನಪಿದೆ. ಪಕ್ಕದಲ್ಲೇ ಇದ್ದ ನೀರಿನ ನಲ್ಲಿಯ ಕಡೆ ಮಾತ್ರ ಅವನು ತಲೆ ತಿರುಗಿಸಿಯೂ ನೋಡಿರಲಿಲ್ಲ!

ಮಾರ್ಲಿಸ್ ಕಿರುಚಲಿಲ್ಲ. ಬಾಗಿಲಲ್ಲಿ ಬಂದು ನಿಂತು, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಕೈಚಾಚಿದಳು.

"ಗಾಡಿ ಕೀ ಕೊಡು."

ಮರುದಿನ ಬೆಳಗ್ಗೆ ಎಲ್ಲರ ಖಾಲಿ ಡಬ್ಬಿಗಳನ್ನೂ ಹೇರಿಕೊಂಡು ಮನೆ ಊರಿಗೆ ಹೊರಟಿತು. ಹಳ್ಳದ ಆಚೆಯಿಂದ ಕಾಫಿ ಲೋಟ ಹಿಡಿದು ಬಂದ ಡೆಲ್ಬರ್ಟ್ ನೋಡುತ್ತಾನೆ, ಬಟ್ಟ ಬಯಲಲ್ಲಿ ಹಸಿರು ಚಾಪೆ, ಅದರ ಮೇಲೆ ಕುರ್ಚಿ, ಕುರ್ಚಿಯಲ್ಲಿ ಮಹಾರಾಜನ ಹಾಗೆ ಆರ್ವಿಡ್, ಪಕ್ಕದಲ್ಲಿ ಕೊಕ್ಕರೆ.

"ಏನಯ್ಯಾ ಆರ್ವಿಡ್, ಎಲ್ಲಿ ನಿನ್ನ ಮನೆ?"

"ಬರುತ್ತೆ."

"ಯಾವಾಗ?"

"ಅವಳು ಹೇಳಲಿಲ್ಲ" ಎಂದ ಆರ್ವಿಡ್, ಕಾಲು ಚಾಚುತ್ತ. "ನಾನೂ ಕೇಳಲಿಲ್ಲ."