ಅರವತ್ತೊಂದು ಪರ್ಸೆಂಟ್ ಇಂಗಾಲ

ಮಸಿಯಣ್ಣ ಲ್ಯಾಬಿನ ಕುಲುಮೆ ಹಚ್ಚಿ ಮನೆಗೆ ಹೋದ ಮೇಲೆ, ಪಕ್ಕದ ಲ್ಯಾಬಿನ ಅಕ್ಕ ಬಂದು "ಐದೇ ನಿಮಿಷ" ಎಂದು ಖಾಲಿ ಕೋಣೆಗೇ ಹೇಳಿ, ಅವನ ನೈಟ್ರೋಜನ್ ಸಿಲಿಂಡರನ್ನು ಉರುಳಿಸಿಕೊಂಡು ಹೋಗಿದ್ದಳು. ಅನಿಲ ನಿಂತಿತು, ಕುಲುಮೆಯೊಳಕ್ಕೆ ಗಾಳಿ ನುಗ್ಗಿತು. ಬೆಳಿಗ್ಗೆ ಅವನು ಬಾಗಿಲು ತೆಗೆದರೆ, ಇದ್ದಿಲಿನಂತೆ ಕಪ್ಪಗಿರಬೇಕಾದ ಪುಡಿ ಇಟ್ಟಿಗೆ ಪುಡಿಯಂತೆ ಕೆಂಪಗೆ ಕೂತಿತ್ತು. ಇಂಗಾಲವೆಲ್ಲ ಉರಿದುಹೋಗಿ ಬರೀ ಕಬ್ಬಿಣದ ಆಕ್ಸೈಡ್ ಉಳಿದಿತ್ತು. ಅಂದರೆ ತುಕ್ಕು. ಆರು ವರ್ಷ ಸಂಶೋಧನೆ ಮಾಡಿ ಮನುಷ್ಯ ತುಕ್ಕು ಮಾಡಿದ್ದ.

ಹನ್ನೊಂದು ಗಂಟೆಗೆ, ಪುಡಿಯಲ್ಲಿ ಯಾವುದು ಎಷ್ಟಿದೆ ಎಂದು ಬರೆದುಕೊಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅವನ ಸರದಿ. ಮೂರು ತಿಂಗಳು ಕಾದು ಸಿಕ್ಕಿದ್ದು. ಹಳೆಯ ಪುಡಿಗಳಲ್ಲಿ ಇಂಗಾಲ ಹನ್ನೆರಡು ಪರ್ಸೆಂಟ್ ದಾಟಿರಲಿಲ್ಲ. ಇಪ್ಪತ್ತು ತೋರಿಸಿದರೆ ಮಾತ್ರ ಥೀಸಿಸ್ ಕೊಡಲು ಸಹಿ ಎಂದು ಗೈಡ್ ಹೇಳಿದ್ದರು. ಆ ಸಹಿಯ ಪತ್ರ ಇವತ್ತು ಸಂಜೆಯೊಳಗೆ ಹೋಗದಿದ್ದರೆ ಅವನಿಗೆ ಸಿಗಬೇಕಿದ್ದ ಕಾಲೇಜಿನ ಕೆಲಸ ಇನ್ನೊಬ್ಬರ ಪಾಲು. ಹೆಂಡತಿ ತಿಂಡಿಯ ತಟ್ಟೆ ಇಡುವಾಗಲೇ, "ಬರೋವಾಗ ಸಹಿ ತಗೊಂಡೇ ಬನ್ನಿ" ಎಂದಿದ್ದಳು.

ಅಕ್ಕ ಕೆಂಪು ಪುಡಿ ನೋಡಿ, "ಚೆನ್ನಾಗಿದೆಯಲ್ಲೋ ಬಣ್ಣ" ಎಂದಳು. ಮಸಿಯಣ್ಣನಿಗೆ ಮೈಯೆಲ್ಲ ಉರಿಯಿತು. ಆದರೆ ನಾಳೆ ಪುಡಿ ತೂಗಲು ಅವಳ ಮೈಕ್ರೋಬ್ಯಾಲೆನ್ಸ್ ಬೇಕಲ್ಲ, "ಹೂಂ ಅಕ್ಕ" ಎಂದ.

ಅಷ್ಟರಲ್ಲಿ ತಾತ ಬಂದ. ತಾತ ಎಂದರೆ ಒಂಬತ್ತನೇ ವರ್ಷದ ಸಂಶೋಧಕ. ಸ್ವಂತ ಥೀಸಿಸ್ ಬಿಟ್ಟು ಮಿಕ್ಕವರ ಥೀಸಿಸ್‌ಗೆಲ್ಲ ಉಪಾಯ ಹೇಳುವವನು.

"ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಆಗುತ್ತಾ? ಪುಡಿ ಅಂಟಿಸೋ ಕಪ್ಪು ಟೇಪ್ ಯಾವುದರದ್ದು ಹೇಳು."

"ಇಂಗಾಲದ್ದು."

"ಪ್ರತಿ ಸಲ ಪುಡಿ ದಪ್ಪಗೆ ಹಚ್ಚಿ ಟೇಪ್ ಮುಚ್ತಿದ್ದೆ. ಇವತ್ತು ಚಿಟಿಕೆ ಉದುರಿಸು, ಅಷ್ಟೇ. ಮಷೀನಿಗೆ ಕೆಳಗಿನ ಟೇಪೂ ಕಾಣುತ್ತೆ, ಇಂಗಾಲ ಅಂತ ಬರ್ಕೊಡುತ್ತೆ."

"ಪುಡಿ ಕೆಂಪಗಿದೆಯಲ್ಲ ಮಾರಾಯ?"

"ಗೈಡ್ ಪುಡಿ ನೋಡಿ ಎಷ್ಟು ವರ್ಷ ಆಯ್ತು? ಅವ್ರು ನೋಡೋದು ಕಾಗದ."

ಆರು ವರ್ಷದಲ್ಲಿ ಮಸಿಯಣ್ಣ ಸುಳ್ಳು ಅಂಕಿ ಬರೆದವನಲ್ಲ. ಅದು ಪ್ರಾಮಾಣಿಕತೆಯೇನಲ್ಲ, ಧೈರ್ಯ ಸಾಲದ್ದು. ಇವತ್ತು ಸಾಲಿತು. ಮೈಕ್ರೋಸ್ಕೋಪಿನ ಆಪರೇಟರ್ ಆಕಳಿಸುತ್ತ, "ಏನ್ರೀ, ಪುಡಿ ಹಾಕೋದಕ್ಕೂ ಜಿಪುಣತನಾನಾ?" ಎಂದ. "ಸ್ವಲ್ಪವೇ ಉಳಿದಿತ್ತು ಸಾರ್," ಎಂದು ಇವನು ಹಲ್ಲು ಕಿರಿದ. ಅರ್ಧ ಗಂಟೆಯಲ್ಲಿ ಕಾಗದ ಬಂತು. ಇಂಗಾಲ ಅರವತ್ತೊಂದು ಪರ್ಸೆಂಟ್.

ಗೈಡ್ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಬದಲಿಸಿದರು. ಮಸಿಯಣ್ಣ ಸಹಿಯ ಪತ್ರವನ್ನು ಮೆಲ್ಲಗೆ ಮೇಜಿನ ಮೇಲೆ ಜರುಗಿಸಿದ.

"ಅರವತ್ತೊಂದು," ಎಂದರು ಗೈಡ್. "ಇಪ್ಪತ್ತು ಕೇಳಿದ್ರೆ ಅರವತ್ತೊಂದು ತಂದಿದೀಯಲ್ಲೋ. ಇಷ್ಟು ವರ್ಷ ನಿನ್ನನ್ನ ದಡ್ಡ ಅಂದ್ಕೊಂಡಿದ್ದೆ."

"ಸಾರ್, ಆ ಸಹಿ..."

"ಸಹಿ ಯಾಕೆ? ಆ ಹನ್ನೆರಡು ಪರ್ಸೆಂಟಿನ ಥೀಸಿಸ್ ಯಾರಿಗೆ ಬೇಕು? ಬಿಸಾಕು ಅದನ್ನ." ಗೈಡ್ ಪತ್ರವನ್ನು ಅಡ್ಡಡ್ಡ ಹರಿದು ಬುಟ್ಟಿಗೆ ಹಾಕಿದರು. "ನಾಳೆಯಿಂದ ಇದೇ ಪುಡಿ ಮತ್ತೆ ಮಾಡು. ಹತ್ತು ಸಲ ಮಾಡು, ಹತ್ತು ಸಲಾನೂ ಅರವತ್ತೊಂದು ಬರ್ಬೇಕು. ಎರಡೇ ವರ್ಷ, ಮುಗಿದುಹೋಗುತ್ತೆ."

ನಿಜ ಹೇಳಿದರೆ ಕತ್ತು ಹೋಗುತ್ತದೆ, ಹೇಳದಿದ್ದರೆ ಎರಡು ವರ್ಷ ಹೋಗುತ್ತದೆ. ಮಸಿಯಣ್ಣ ತಲೆಯಾಡಿಸಿದ. ಗೈಡ್ ಅವನ ಬೆನ್ನು ತಟ್ಟಿದರು.

ಹೊರಗೆ ಬಂದರೆ ಅಕ್ಕ ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದಳು. "ತಗೋಪ್ಪಾ, ಐದು ನಿಮಿಷ ಆಯ್ತು," ಎಂದಳು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

"ರಿಸಲ್ಟ್ ಬಂತಾ?"

"ಬಂತು. ತುಂಬಾ ಚೆನ್ನಾಗಿ ಬಂತು."

"ಹಾಗಾದ್ರೆ ಸಹಿ ಸಿಕ್ತು."

"ಅದಕ್ಕೇ ಸಿಗಲಿಲ್ಲ ಕಣೇ," ಎಂದ ಮಸಿಯಣ್ಣ.